ಗೇಮಿಂಗ್ ಕಂಪ್ಯೂಟರಿಗೊಬ್ಬ ತಾಂಡೇಲ

ಡಿಗ್ರಿ ಎರಡನೇ ವರ್ಷದಲ್ಲಿ ನನಗೆ ಪಾಠಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತಿದ್ದದ್ದು ಕುಂದಾಪುರದ ಕಂಪ್ಯೂಟರ್ ಅಂಗಡಿಗಳ ರೇಟಿನ ಹಾಳೆ. ಯಾವ ಪ್ರೊಸೆಸರಿಗೆ ಯಾವ ಮದರ್‌ಬೋರ್ಡ್ ಕೂಡಿಬರುತ್ತದೆ, ಯಾವುದಕ್ಕೆ ಯಾವ ರ‍್ಯಾಮ್ ಆಗಿಬರುವುದಿಲ್ಲ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಮಾತ್ರ ಕಂಪ್ಯೂಟರ್ ಇರಲಿಲ್ಲ. ಇಡಲು ಮೇಜೂ ಇರಲಿಲ್ಲ. ಇದ್ದ ಒಂದೇ ಪ್ಲಗ್ಗಿನಲ್ಲಿ ಅಮ್ಮ ಮಿಕ್ಸಿ ಹಾಕುತ್ತಿದ್ದಳು, ಅದನ್ನು ತೆಗೆದು ಮೊಬೈಲ್ ಚಾರ್ಜಿಗೆ ಇಟ್ಟರೂ ಬೈಗುಳ ಬೀಳುತ್ತಿತ್ತು.

ಈ ರೋಗ ಹತ್ತಿದ್ದು ಕಾಲೇಜಿನ ಹತ್ತಿರದ ಸೈಬರಿನಲ್ಲಿ. ಕಾರು ಓಡಿಸುವ ಒಂದೇ ಆಟ ಅಲ್ಲಿ ಮೂಲೆಯ ಕಂಪ್ಯೂಟರಿನಲ್ಲಿ ನೀರು ಹರಿದ ಹಾಗೆ ಓಡುತ್ತಿತ್ತು, ಬಾಗಿಲ ಬಳಿಯದರಲ್ಲಿ ಕುಲುಕಿ ಕುಲುಕಿ ನಿಲ್ಲುತ್ತಿತ್ತು. ಯಾಕೆಂದು ಸೈಬರಿನವರನ್ನು ಕೇಳಿದೆ. "ಅದ್ರಗೆ ಕಾರ್ಡ್ ಇತ್ತ್ ಮಾರಾಯ, ಇದ್ರಗೆ ಇಲ್ಲ. ಅಷ್ಟೇ," ಎಂದರು. ಅಷ್ಟೇ ಎಂದರೆ ನನಗೆ ಸಾಕಾಗುವುದಿಲ್ಲ. ಎಂಥ ಕಾರ್ಡ್, ಅದು ಒಳಗೆ ಕೂತು ಏನು ಮಾಡುತ್ತದೆ ಎಂದು ತಲೆ ತಿಂದೆ. ಕೊನೆಗೆ ಅವರೇ ಬೇಸತ್ತು ಹಳೆಯ ಕಂಪ್ಯೂಟರ್ ಪತ್ರಿಕೆಗಳ ಕಟ್ಟೊಂದನ್ನು ನನ್ನ ಮಡಿಲಿಗೆ ಹಾಕಿ, ಇದನ್ನು ಓದಿಕೊಂಡು ಸುಮ್ಮನಿರು ಎಂದರು. ಓದಿದೆ. ಸುಮ್ಮನಿರುವುದೊಂದು ಆಗಲಿಲ್ಲ.

ನಮ್ಮದು ಕಿರಿಮಂಜೇಶ್ವರದ ಕಡಲ ಬದಿಯ ಕೇರಿ. ದಿನಾ ಒಂದೇ ಬಸ್ಸಿಗೆ ನಾವು ಮೂವರು ಹತ್ತುತ್ತಿದ್ದೆವು. ಒಬ್ಬನ ತಂದೆಗೆ ಮೀನಿನ ಬೋಟಿತ್ತು, ಹಾಗಾಗಿ ಅವನು ಬೋಟಿನವ. ಇನ್ನೊಬ್ಬನ ಮನೆ ದೇವಸ್ಥಾನದ ಹತ್ತಿರ. ಅಜ್ಜನ ಕಾಲದವರೆಗೆ ಅವರ ಮನೆಯವರೆಲ್ಲ ದೇವಸ್ಥಾನದ ಚಾಕರಿಯಲ್ಲಿದ್ದವರು, ತಂದೆಯ ಕಾಲಕ್ಕೆ ಮದುವೆ ಮುಂಜಿಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರಕ್ಕೆ ಇಳಿದಿದ್ದರು. ಅವನು ಶಾಮಿಯಾನದವ. ನಾನು ಮೂರನೆಯವ. ನನ್ನ ಅಪ್ಪಯ್ಯ ಬೋಟಿನವನ ಮನೆಯ ಬೋಟಿನಲ್ಲೇ ಕಲಾಸಿ, ಅಂದರೆ ಬಲೆ ಎಳೆಯುವ ಆಳು.

ಎರಡು ಸಾವಿರದ ಒಂಬತ್ತನೇ ಇಸವಿ ಇರಬೇಕು, ಮೇ ತಿಂಗಳ ಕೊನೆ. ಮೀನಿನ ಸೀಸನ್ನೂ ಮುಗಿದಿತ್ತು, ಮದುವೆಯ ಸೀಸನ್ನೂ ಮುಗಿದಿತ್ತು. ಎರಡು ಮನೆಗಳಲ್ಲೂ ಅಪ್ಪಂದಿರು ಒಳ್ಳೆಯ ಮನಸ್ಸಿನಲ್ಲಿದ್ದರು, ಮಕ್ಕಳು ಕೇಳಿದರೆ ಇಲ್ಲ ಎನ್ನುವ ಹೊತ್ತಲ್ಲ ಅದು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ಬೋಟಿನವ ಮಾತು ತೆಗೆದ. "ಹ್ವಾಯ್, ಮೂರ್ ಜನ ಸೇರಿ ಒಂದ್ ಗೇಮ್ ಕಂಪ್ಯೂಟರ್ ಮಾಡುವನಾ?"

"ದುಡ್ಡ್ ಒಟ್ಟ್ ಹಾಕಿರೆ ಕಡಿಗೆ ಜಗಳ ಆತ್ತ್," ಎಂದ ಶಾಮಿಯಾನದವ. ವ್ಯಾಪಾರದ ಮನೆಯವನಲ್ಲವೇ.

"ದುಡ್ಡ್ ಬ್ಯಾಡ. ಬೋಟಿನ್ ಲೆಕ್ಕದಗೆ ಮಾಡುವ. ಯಾರ್ ಯಾವ ಸಾಮಾನ್ ತಂದ್ರೋ ಅದ್ ಅವ್ರದ್ದೇ. ಆಟದಗೆ ಪಾಲ್."

"ಹಂಗಾರೆ ನಾನ್ ಎಂತ ತರೂದ್?" ಎಂದು ಕೇಳಿದೆ.

"ನೀ ಕೈ ತಾ. ಸಾಮಾನ್ ಯಾವ್ದ್ ತಕಂಬದ್ ಅಂದ್ ನೀ ಹೇಳ್ಕ್, ಕೂಡ್ಸೂದ್ ನೀನೇ. ನೀ ತಾಂಡೇಲ."

ನಾನು ಬಸ್ಸಿನಲ್ಲೇ ಒಂದು ಗೇಣು ಎತ್ತರವಾದೆ. ನಮ್ಮ ಕೇರಿಯಲ್ಲಿ ತಾಂಡೇಲ ಎಂದರೆ ಸಣ್ಣ ಮಾತಲ್ಲ. ಬೋಟಿನ ಒಂದು ಹಲಗೆಯೂ ಅವನದಲ್ಲ, ಆದರೆ ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎನ್ನುವುದು ಅವನ ಮಾತು. ಬಂದ ದುಡ್ಡಿನಲ್ಲಿ ಡೀಸೆಲ್ಲು, ಐಸು ಕಳೆದು, ಬೋಟಿಗೂ ಬಲೆಗೂ ಇಷ್ಟು ಪಾಲು ಎಂದು ಮಾಲಕರಿಗೆ ಹೋಗುತ್ತದೆ. ಉಳಿದದ್ದರಲ್ಲಿ ಕಲಾಸಿಗೆ ಒಂದು ಪಾಲು, ತಾಂಡೇಲನಿಗೆ ಎರಡು. ಅಪ್ಪಯ್ಯ ಮದುವೆಗೆ ಮುಂಚಿನಿಂದಲೂ ಒಂದು ಪಾಲಿನವರು.

ನಮ್ಮ ಲೆಕ್ಕ ಹೀಗೆ ನಿಂತಿತು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್‌ಡಿಸ್ಕ್ ಬೋಟಿನವನದು. ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಎಲ್ಲವನ್ನೂ ಒಳಗೆ ಕೂರಿಸುವ ಡಬ್ಬಿ ಶಾಮಿಯಾನದವನದು, ಇಡುವ ಜಾಗವೂ ಕರೆಂಟೂ ಅವರ ಮನೆಯದೇ. ಅವರಿಬ್ಬರೂ ಎರಡೆರಡು ಆಟ ಆಡಿದ ಮೇಲೆ ನನಗೊಂದು ಆಟ. ಹೆಸರು ತಾಂಡೇಲನದು, ಪಾಲು ಕಲಾಸಿಯದು ಎಂದು ನನಗೆ ಆಗಲೇ ಹೊಳೆದಿತ್ತು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆ ಒಂದೂ ಹೋದೀತು ಎಂಬ ಹೆದರಿಕೆ. ನನಗೆ ಆ ಕುರ್ಚಿಯಲ್ಲಿ ನನ್ನ ಹಕ್ಕಿನಿಂದ ಕೂರುವ ಆಸೆ ಎಷ್ಟಿತ್ತೆಂದರೆ, ಒಂದು ಆಟವಲ್ಲ, ಅರ್ಧ ಆಟ ಎಂದಿದ್ದರೂ ಒಪ್ಪುತ್ತಿದ್ದೆ.

ಮುಂದಿನ ಎರಡು ವಾರ ಕುಂದಾಪುರದ ಅಂಗಡಿಗಳವರಿಗೆ ನಮ್ಮ ಮುಖ ಕಂಡರೆ ಆಗುತ್ತಿರಲಿಲ್ಲ. ಕಡಿಮೆ ದುಡ್ಡಿನಲ್ಲಿ ಆಟದ ಕಂಪ್ಯೂಟರ್ ಕಟ್ಟಬೇಕಾದರೆ ನನ್ನ ಶಾಸ್ತ್ರ ಸರಳ. ಇದ್ದದ್ದರಲ್ಲಿ ದೊಡ್ಡ ಭಾಗ ಗ್ರಾಫಿಕ್ಸ್ ಕಾರ್ಡಿಗೆ ಸುರಿಯಬೇಕು. ಪ್ರೊಸೆಸರ್ ನಡುವಿನದು ಸಾಕು. ಒಳಗಿನ ಸಾಮಾನುಗಳಿಗೆಲ್ಲ ಕರೆಂಟು ಹಂಚುವ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಅದಕ್ಕೆ ಎಸ್ಎಂಪಿಎಸ್ ಎನ್ನುತ್ತಾರೆ, ಅದರಲ್ಲಿ ಮಾತ್ರ ಜಿಪುಣತನ ಮಾಡಬಾರದು. ಹೊರಗಿನ ಡಬ್ಬಿ ಬಿಸ್ಕತ್ತಿನ ತಗಡಿನದಾದರೂ ನಡೆಯುತ್ತದೆ.

ಬೋಟಿನವನಿಗೆ ಈ ಶಾಸ್ತ್ರ ರುಚಿಸಲಿಲ್ಲ. ಅವನಿಗೆ ಎಲ್ಲದರಲ್ಲೂ ದೊಡ್ಡ ಅಂಕಿ ಬೇಕು. ಅಂಗಡಿಯಲ್ಲಿ ಒಂದೇ ಬೆಲೆಗೆ ಎರಡು ಕಾರ್ಡಿದ್ದವು. ಒಂದರ ಡಬ್ಬಿಯ ಮೇಲೆ ಒಂದು ಜಿಬಿ ಎಂದು ದಪ್ಪಕ್ಷರ, ಇನ್ನೊಂದರ ಮೇಲೆ ಅದರ ಅರ್ಧ. ನಾನು ಅರ್ಧದ್ದನ್ನು ಎತ್ತಿಕೊಂಡೆ. ಅದರ ಮೆಮೊರಿ ಸಣ್ಣದು, ಆದರೆ ಜಾತಿ ಹೊಸದು, ವೇಗ ಹೆಚ್ಚು.

"ನಿಂಗೆ ಮಂಡೆ ಸಮ ಇತ್ತಾ? ಅಷ್ಟೇ ದುಡ್ಡಿಗೆ ಅರ್ಧ ತಕಂತ್ಯಾ?" ಎಂದ ಬೋಟಿನವ.

"ಬುಟ್ಟಿ ದೊಡ್ಡದಿದ್ರ್ ಎಂತಾಯ್ತ್, ಹೊರುವವ್ಳಿಗೆ ತಾಕತ್ ಬ್ಯಾಡ್ದಾ?" ಎಂದು ಕೇಳಿದೆ. ಬಂದರಿನಲ್ಲಿ ಹುಟ್ಟಿ ಬೆಳೆದವನಿಗೆ ಅಷ್ಟು ಹೇಳಿದರೆ ಸಾಕಿತ್ತು, ಅರ್ಧದ್ದಕ್ಕೇ ಒಪ್ಪಿದ. ಅಂಗಡಿಯವರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತ, "ನಿಮ್ಗೆ ಪರೀಕ್ಷೆ ಗಿರೀಕ್ಷೆ ಎಂತದೂ ಇಲ್ಯಾ ಮಕ್ಳೇ?" ಎಂದರು.

ಚೌಕಾಶಿ ಶಾಮಿಯಾನದವನ ಇಲಾಖೆ. ಅಂಗಡಿಯವರ ತಂಗಿಯ ಮದುವೆ ಬರುವ ವರ್ಷ ಇದೆ ಎಂದು ಹೇಗೋ ಪತ್ತೆ ಹಚ್ಚಿ, ಕುರ್ಚಿ ಬಾಡಿಗೆಯಲ್ಲಿ ರಿಯಾಯಿತಿ ಕೊಡಿಸುವುದಾಗಿ ಮಾತು ಕೊಟ್ಟು, ಕೀಬೋರ್ಡು ಮೌಸುಗಳನ್ನು ಪುಕ್ಕಟೆ ಹೊಡೆದ. ಮನೆಯಲ್ಲಿ ಅವನ ತಂದೆಗೆ ಆ ಮಾತು ಗೊತ್ತೇ ಇರಲಿಲ್ಲ.

ನಾನು ಹೇಳಿದ ಎಸ್ಎಂಪಿಎಸ್ ಕುಂದಾಪುರದಲ್ಲಿ ಸಿಗಲಿಲ್ಲ. ಬ್ರಹ್ಮಾವರದ ಒಂದು ಅಂಗಡಿಯಲ್ಲಿ ಇದೆಯೆಂದು ಗೊತ್ತಾಗಿ ಮೂವರೂ ಹೋದೆವು. ಕೈಯಲ್ಲಿ ಹಿಡಿದು ನೋಡಿದೆ, ಕಲ್ಲಿನ ಹಾಗೆ ಭಾರ. ಒಳಗೆ ಸರಿಯಾದ ಸಾಮಾನು ಹಾಕಿದ್ದರೆ ಮಾತ್ರ ಅಷ್ಟು ತೂಗುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಅದನ್ನೂ ಒಂದು ಬಡಪಾಯಿ ಡಬ್ಬಿಯನ್ನೂ ಕೊಂಡೆವು. ಅಲ್ಲೇ ಗಾಜಿನಲ್ಲಿ ಇನ್ನೊಂದು ಡಬ್ಬಿ ಇಟ್ಟಿದ್ದರು. ಪಕ್ಕದಲ್ಲಿ ಕಿಟಕಿ, ಒಳಗೆ ನೀಲಿ ಬೆಳಕು ಬೀರುತ್ತ ತಿರುಗುವ ಫ್ಯಾನು. ಇಬ್ಬರೂ ಅದರ ಮುಂದಿನಿಂದ ಕಾಲು ಕೀಳಲಿಲ್ಲ. ಅವರನ್ನು ಎಳೆದುಕೊಂಡು ಬಸ್ಸು ಹತ್ತಿಸುವಾಗ ನನಗೆ ಸಾಕುಬೇಕಾಯಿತು.

ಮಾನಿಟರ್ ಸಿಕ್ಕಿದ್ದು ವಂಡ್ಸೆಯಲ್ಲಿ, ಮುಚ್ಚಿಹೋದ ಒಂದು ಸೈಬರಿನಲ್ಲಿ. ಹಿಂದೆ ದೊಡ್ಡ ಡುಬ್ಬವಿದ್ದ ಹಳೆಯ ಕಾಲದ್ದು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ಮಗುವನ್ನು ತೊಡೆಯ ಮೇಲಿಟ್ಟುಕೊಂಡರೆ ಟಿಕೆಟ್ ಇಲ್ಲವಲ್ಲ ಎಂದು ನಾನು ಜಗಳಕ್ಕೆ ನಿಂತೆ. "ಮಗು ಬಸ್ ಇಳಿದ್ ಮೇಲೆ ಟೀವಿ ಆತ್ತಾ?" ಎಂದು ಕೇಳಿ ಅವನು ಮುಂದೆ ಹೋದ. ಟಿಕೆಟ್ ತೆಗೆದುಕೊಂಡೆ.

ಶಾಮಿಯಾನದವರ ಸಾಮಾನಿನ ಕೋಣೆಯೇ ನಮ್ಮ ಜಾಗ. ಮಳೆಗಾಲದಲ್ಲಿ ಸಮಾರಂಭಗಳಿಲ್ಲ, ಕುರ್ಚಿಗಳನ್ನೆಲ್ಲ ಮಾಡಿನವರೆಗೆ ಪೇರಿಸಿಟ್ಟಿದ್ದರು, ಅನ್ನದ ಹಂಡೆಗಳು ಮಗುಚಿ ಬಿದ್ದಿದ್ದವು. ಬಡಿಸುವ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ಸಾಮಾನುಗಳನ್ನೆಲ್ಲ ಹರಡಿ ಕೂತೆ. ಪ್ರೊಸೆಸರನ್ನು ಅದರ ಗುಳಿಯಲ್ಲಿ ಇಡುವ ಮೊದಲು ಪತ್ರಿಕೆಯ ಚಿತ್ರವನ್ನು ಮೂರು ಸಲ ನೋಡಿಕೊಂಡೆ. ನಾನು ಓದಿ ತಿಳಿದದ್ದೇ ಹೊರತು ಅಲ್ಲಿಯವರೆಗೆ ಅಂಥದ್ದೊಂದನ್ನು ಮುಟ್ಟಿದವನಲ್ಲ. ಎಲ್ಲ ಕೂಡಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಮಾನಿಟರ್ ಕಪ್ಪಾಗಿಯೇ ಉಳಿಯಿತು. ಇಬ್ಬರೂ ನನ್ನ ಮುಖ ನೋಡಿದರು. ಮತ್ತೆ ಒಂದೊಂದೇ ನೋಡುತ್ತ ಬಂದಾಗ ಕಂಡಿತು, ಮಾನಿಟರಿನ ವಯರನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಬದಲು ಬೋರ್ಡಿಗೆ ಕೊಟ್ಟಿದ್ದೆ. ತೆಗೆದು ಹಾಕಿದೆ, ಬೆಳಕಾಯಿತು. ಶಾಮಿಯಾನದವನ ತಾಯಿ ಡಬ್ಬಿಗೆ ಕುಂಕುಮ ಹಚ್ಚಿ ಊದುಬತ್ತಿ ತಿರುಗಿಸಿದರು. ಅವತ್ತು ನನಗೆ ಆದಷ್ಟು ಖುಷಿ ಆಮೇಲೆ ಕೆಲಸ ಸಿಕ್ಕಿದಾಗಲೂ ಆಗಲಿಲ್ಲ.

ಒಂದಿಷ್ಟು ವಾರ ಸುಖವಾಗಿ ಹೋದವು. ಹೊರಗೆ ಮಳೆ ಹೊಯ್ಯುತ್ತಿತ್ತು, ಒಳಗೆ ನಾವು ಕಾರು ಓಡಿಸುತ್ತಿದ್ದೆವು. ಅವರ ಎರಡೆರಡು ಆಟ ಮುಗಿಯುವವರೆಗೆ ಕಾಯುವುದು ನನಗೆ ಶಿಕ್ಷೆಯೇ. ನನ್ನ ಸರದಿಗೇ ಕರೆಂಟು ಹೋಗುತ್ತಿತ್ತು. ಹೋದರೆ ಸರದಿಯೂ ಹೋಯಿತು ಎಂಬುದು ಅವರಿಬ್ಬರೂ ಸೇರಿ ಮಾಡಿದ ಕಾನೂನು.

ಆಗ ಬಾರ್ಕೂರಿನ ಅತ್ತೆಯ ಮನೆಯಲ್ಲಿ ಏನೋ ಕಾರ್ಯಕ್ರಮವೆಂದು ಅಮ್ಮ ನನ್ನನ್ನು ಕರೆದುಕೊಂಡು ಹೋದಳು. ಎರಡು ದಿನ ಬಿಟ್ಟು ಬಂದು ನೋಡಿದರೆ ಸಾಮಾನಿನ ಕೋಣೆಯ ಹಂಡೆಗಳ ಮೇಲೆಲ್ಲ ನೀಲಿ ಬೆಳಕು. ಬ್ರಹ್ಮಾವರದ ಆ ಕಿಟಕಿಯ ಡಬ್ಬಿ ಬಂದಿತ್ತು. ಅಂಗಡಿಯವನೇ ಎಲ್ಲವನ್ನೂ ಅದರೊಳಗೆ ಕೂರಿಸಿ ಕೊಟ್ಟಿದ್ದನಂತೆ. ಚಂದ ಇದೆ ಎಂದೆ. ಚಂದವೇ ಇತ್ತು. ಆದರೆ ಆಟ ಶುರುವಾಗಿ ಕಾರು ಒಂದು ತಿರುವು ದಾಟುವಷ್ಟರಲ್ಲಿ ಕಂಪ್ಯೂಟರ್ ತಟ್ಟನೆ ಆರಿತು. ಮತ್ತೆ ಹಚ್ಚಿದರೆ ಮತ್ತೆ ಅದೇ ತಿರುವಿನಲ್ಲಿ ಆರಿತು.

"ನೀ ಹೇಳ್ದ್ ಕಾರ್ಡೇ ಸಮ ಇಲ್ಲ. ಆವತ್ತೇ ಒಂದ್ ಜಿಬಿದ್ದ್ ತಕಂಬ ಅಂದಿದ್ನಲೆ ನಾನ್," ಎಂದ ಬೋಟಿನವ.

ನಾನು ತಿರುಪು ಬಿಚ್ಚಿದೆ. ಒಳಗೆ ನನ್ನ ಭಾರದ ಎಸ್ಎಂಪಿಎಸ್ ಇರಲಿಲ್ಲ. ಅದರ ಜಾಗದಲ್ಲಿ ಡಬ್ಬಿಯ ಜೊತೆಗೇ ಬರುವ ಒಂದು ಪೊಳ್ಳು ಪೆಟ್ಟಿಗೆ, ಒಂದು ಕೈಯಲ್ಲಿ ಎತ್ತಿ ಕುಣಿಸಬಹುದು. ಹಳೆಯದನ್ನು ಅಂಗಡಿಯವನಿಗೇ ಬದಲಿಗೆ ಕೊಟ್ಟು ಬಂದಿದ್ದರು. ಕಾರ್ಡ್ ಕೇಳಿದಷ್ಟು ಕರೆಂಟು ಕೊಡಲಾರದೆ ಅದು ಪ್ರತಿ ಸಲ ಸೋಲುತ್ತಿತ್ತು.

ನನಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಕೂಗಾಡಿದೆ. ಇಡೀ ಕಂಪ್ಯೂಟರಿನ ಹೊಟ್ಟೆಗೇ ಕಲ್ಲು ಹಾಕಿದ್ದೀರಿ, ಕೇಳುವ ಮರ್ಯಾದೆ ಬೇಡವೇ ಎಂದೆ. ಬೋಟಿನವನೂ ಬಿಸಿಯಾದ.

"ಸಾಮಾನ್ ನಮ್ದ್. ಹಾಳಾರೂ ನಮ್ದೇ. ನಿಂದ್ ಎಂತ ಹೋಯ್ತ್? ನಿಂದ್ ಬರೀ ಕೈ ಅಲ್ದಾ?"

ಶಾಮಿಯಾನದವ ಅವನ ತೋಳು ಹಿಡಿದು ಎಳೆದ, ಆದರೆ ಮಾತು ಹೊರಗೆ ಬಿದ್ದಾಗಿತ್ತು. ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ, ಕೊಡೆಯನ್ನೂ ತೆಗೆದುಕೊಳ್ಳದೆ ಹೊರಟೆ. ಕೊಡೆ ಮರೆತದ್ದಕ್ಕೆ ಅಮ್ಮನಿಂದ ಬೇರೆ ಬೈಸಿಕೊಂಡೆ.

ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಅಪ್ಪಯ್ಯ ದಿನವಿಡೀ ಜಗಲಿಯಲ್ಲಿ ಕೂತು, ಬಾಯಲ್ಲಿ ಎಲೆ ಅಡಿಕೆ ಜಗಿಯುತ್ತ ಬಲೆಯ ಹರಕು ಕಟ್ಟುತ್ತಿದ್ದರು. ಊಟಕ್ಕೆ ಕೂತಾಗ ನಾನು ಅಮ್ಮನ ಮುಂದೆ ಎಲ್ಲವನ್ನೂ ಒದರಿದೆ. ಕಾರ್ಡು, ನೀಲಿ ಬೆಳಕು, ಪೊಳ್ಳು ಪೆಟ್ಟಿಗೆ, ಬರೀ ಕೈ ಅಂದದ್ದು. ಅಮ್ಮನಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಇನ್ನೊಂದು ತುಂಡು ಮೀನು ಹಾಕಿದಳು. ಅಪ್ಪಯ್ಯ ಕೈ ತೊಳೆದು ಬಂದ ಮೇಲೆ ಒಂದೇ ಮಾತು ಕೇಳಿದರು.

"ನಿಂಗೆ ಎಷ್ಟ್ ಪಾಲ್ ಕೊಡ್ತಿದ್ರ್?"

"ಒಂದ್," ಎಂದೆ.

ಅವರು ಮತ್ತೆ ಬಲೆಗೆ ಕೂತರು.

ಆ ವಾರ ಬಸ್ಸಿನಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂತೆ, ಅವರು ಹಿಂದೆ. ತಾವೇ ಸರಿಮಾಡುತ್ತೇವೆಂದು ಇಬ್ಬರೂ ಎಲ್ಲ ಸಾಮಾನನ್ನೂ ಬಿಚ್ಚಿ ಹಾಕಿದ್ದಾರೆ, ಈಗ ಯಾವ ವಯರು ಎಲ್ಲಿಗೆಂದು ಗೊತ್ತಾಗದೆ ಕೈಕಟ್ಟಿ ಕೂತಿದ್ದಾರೆ ಎಂದು ಶಾಮಿಯಾನದವನ ತಾಯಿ ಅಂಗಡಿಯಲ್ಲಿ ಸಿಕ್ಕಾಗ ಅಮ್ಮನ ಹತ್ತಿರ ಹೇಳಿದರಂತೆ. ನನಗೆ ಒಳಗೊಳಗೇ ಹಬ್ಬ. ಆದರೆ ಹಬ್ಬ ಎರಡು ದಿನಕ್ಕೆ ಮುಗಿಯಿತು. ಕೈ ತುರಿಸುತ್ತಿತ್ತು. ಕಣ್ಣು ಮುಚ್ಚಿದರೆ ಆ ತಿರುವೇ ಕಾಣುತ್ತಿತ್ತು. ಕರೆಯದೆ ಹೋದರೆ ನಾನು ನಿಜಕ್ಕೂ ಬರೀ ಕೈ, ಹೋಗದಿದ್ದರೆ ಆಟವಿಲ್ಲ.

ಭಾನುವಾರ ಬೆಳಿಗ್ಗೆ ಜೋರು ಮಳೆ. ಇಬ್ಬರೂ ಒಂದೇ ಕೊಡೆಯಲ್ಲಿ ನಮ್ಮ ಅಂಗಳ ದಾಟಿ ಬರುತ್ತಿದ್ದರು. ಶಾಮಿಯಾನದವನ ಕೈಯಲ್ಲಿ ಬಾಡಿಗೆಯ ಸ್ಟೀಲ್ ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಬೋಟಿನವನ ಮುಖದಲ್ಲಿ ಹಲ್ಲು ಕಿರಿದ ನಗೆ. ನನಗೂ ನಗು ಬಂತು. ನಮ್ಮಲ್ಲಿ ಸೀಸನ್ ಶುರುವಾಗುವ ಮುಂಚೆ ಒಳ್ಳೆಯ ತಾಂಡೇಲನನ್ನು ಬೇರೆಯವರು ಹಾರಿಸಿಕೊಂಡು ಹೋಗಬಾರದೆಂದು ಬೋಟಿನ ಮಾಲಕರು ವೀಳ್ಯ ಹಿಡಿದು ಅವನ ಮನೆಗೇ ಹೋಗಿ ಕರೆಯುತ್ತಾರೆ. ತನ್ನ ತಂದೆ ಮಾಡುವುದನ್ನು ನೋಡಿ ನೋಡಿ ಬೋಟಿನವ ಅದನ್ನೇ ನಮ್ಮ ಮೇಲೆ ಹೂಡಿದ್ದ. ತಪ್ಪಾಯಿತು ಎನ್ನಲು ಅವನಿಗೆ ತಿಳಿದಿದ್ದ ದಾರಿ ಅದೊಂದೇ ಇರಬೇಕು.

ಜಗಲಿಯಲ್ಲಿದ್ದ ಅಪ್ಪಯ್ಯನಿಗೆ ನಗು ಬರಲಿಲ್ಲ. ಕಲಾಸಿಯ ಮನೆಗೆ ಯಾರೂ ವೀಳ್ಯ ತರುವುದಿಲ್ಲ. ನಾಳೆ ಬೋಟು ಇಳಿಯುತ್ತದೆ, ಬರಬೇಕಂತೆ ಎಂದು ದಾರಿಯಲ್ಲಿ ಹೋಗುವವರ ಹತ್ತಿರ ಹೇಳಿ ಕಳಿಸಿದರೆ ಸಾಕು. ನಮ್ಮ ಹೊಸ್ತಿಲಿಗೆ ಅವತ್ತಿನವರೆಗೆ ಅಂಥ ತಟ್ಟೆ ಬಂದದ್ದಿಲ್ಲ. ಅಪ್ಪಯ್ಯ ಬಲೆ ಬದಿಗಿಟ್ಟು ಎದ್ದರು. ಒಳಗೆ ಹೋಗಿ, ಬಾಯಿ ಮುಕ್ಕಳಿಸಿ, ಮದುವೆ ಮನೆಗಳಿಗೆ ಹೋಗುವಾಗ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದರು.

"ಬನಿ, ಕೂಕಣಿ," ಎಂದರು. ಬೋಟಿನವನನ್ನು ಚಡ್ಡಿಯಲ್ಲಿ ಓಡಾಡುವಾಗಿನಿಂದ ಬಾ ಹೋಗು ಎಂದವರು, ಅವತ್ತು ಬಹುವಚನಕ್ಕೆ ಏರಿದ್ದರು. ಬೋಟಿನವನ ನಗು ಎಲ್ಲಿ ಹೋಯಿತೋ, ತಟ್ಟೆಯನ್ನು ಶಾಮಿಯಾನದವನಿಂದ ತಾನೇ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತ.

"ಎಂತಕೆ ಬಂದದ್ದ್?"

"ತಾಂಡೇಲನ್ ಕರಿಯೂಕೆ," ಎಂದ ಬೋಟಿನವ, ತಗ್ಗಿದ ಸ್ವರದಲ್ಲಿ.

"ತಾಂಡೇಲಂಗೆ ಎರಡ್ ಪಾಲ್. ನೀವ್ ಇಷ್ಟ್ ದಿನ ಕೊಟ್ಟದ್ ಕಲಾಸಿ ಪಾಲ್. ನಿಮ್ ಅಪ್ಪಯ್ಯನ ಹತ್ರ ಬೇಕಾರೆ ಕೇಣಿ."

"ಎರಡೇ ಕೊಡುವ."

"ಅಂವ ಹೇಳ್ದ್ ಸಾಮಾನ್ ಅಂವನ್ನ ಕೇಣ್ದೆ ಬದ್ಲ್ ಮಾಡೂಕಾಗ."

"ಮಾಡುದಿಲ್ಲ. ಹಳೇದನ್ನೇ ವಾಪಸ್ ತರೂಕೆ ಬ್ರಹ್ಮಾವರಕ್ಕೆ ಹೋಪ ಅಂದೇ ಬಂದದ್ದ್."

"ಅಂವ ಆಡ್ತಿಪ್ಪ ಹೊತ್ತಿಗೆ ಕರೆಂಟ್ ಹೋದ್ರೆ ಲುಕ್ಸಾನ್ ಯಾರದ್ದ್?"

ಇದು ಅಪ್ಪಯ್ಯನಿಗೆ ಹೇಗೆ ಹೊಳೆಯಿತೋ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಮೂರೂ ಜನರದ್ದ್," ಎಂದ ಶಾಮಿಯಾನದವ. ಅಪ್ಪಯ್ಯ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಒಪ್ಪಿಗಿ ಇದ್ರೆ ತಕೊ," ಎಂದರು. ಬೋಟಿನವ ಎದ್ದು ನಿಂತು ತಟ್ಟೆ ನೀಡಿದ. ನಾನು ತೆಗೆದುಕೊಂಡೆ. ಅದು ಮಳೆಗೆ ಒದ್ದೆಯಾಗಿತ್ತು.

ಬ್ರಹ್ಮಾವರದ ಬಸ್ಸಿಗೆ ಹೊತ್ತಾಗುತ್ತದೆಂದು ಅವರು ರಸ್ತೆಯ ಬದಿಗೆ ನಡೆದರು, ನಾನು ಅಂಗಿ ಬದಲಿಸಿ ಬರುತ್ತೇನೆಂದೆ. ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಜಗಲಿಯ ಮೇಲೇ ಇಟ್ಟೆ. ಅಪ್ಪಯ್ಯ ಬಿಳಿ ಅಂಗಿಯಲ್ಲೇ ಇನ್ನೂ ಕೂತಿದ್ದರು. ಸೊಂಟದಲ್ಲಿ ಅವರ ಎಲೆ ಅಡಿಕೆಯ ಸಂಚಿ ತುಂಬಿಕೊಂಡೇ ಇತ್ತು, ಅದಕ್ಕೆ ಕೈ ಹಾಕಲಿಲ್ಲ. ತಟ್ಟೆಯನ್ನು ಒಂದಷ್ಟು ಹೊತ್ತು ನೋಡಿ, ನನ್ನನ್ನು ಕೇಳಿದರು.

"ನಿನ್ ವೀಳ್ಯದಗೆ ಒಂದ್ ಎಲಿ ನಾನ್ ತಿನ್ಲಕ್ಕಾ?"